ರುಜುವೂ ಋಜುತ್ವವೂ

ಬರೆಹದ ಕೆಳಗೆ ಹಾಕುವ ಹೆಸರಿಗೆ ನಾವು ರುಜು ಎನ್ನುತ್ತೇವೆ. ಒಂದು ಸಂಗತಿ ನಿಜವೆಂದು ತೋರಿಸಿಕೊಡುವುದಕ್ಕೆ ರುಜುವಾತು ಎನ್ನುತ್ತೇವೆ. ನಡೆನುಡಿಗಳಲ್ಲಿ ವಕ್ರತೆಯಿಲ್ಲದಿರುವುದಕ್ಕೆ ಹಿರಿಯರು ಋಜುತ್ವವೆಂದು ಹೆಸರಿಟ್ಟರು. ಕಿವಿಗೆ ಈ ಮೂರೂ ಒಂದೇ ಮನೆಯ ಮಕ್ಕಳಂತೆ ಕೇಳಿಸುತ್ತವೆ. ವಾಸ್ತವವಾಗಿ ಮೊದಲನೆಯ ಎರಡು ಪದಗಳು ಕಚೇರಿಯ ಮಾರ್ಗವಾಗಿ ಕನ್ನಡಕ್ಕೆ ಬಂದವು, ಮೂರನೆಯದು ಸಂಸ್ಕೃತದ್ದು. ಹುಟ್ಟಿನಿಂದ ನಂಟಿಲ್ಲದ ಈ ಪದಗಳಿಗೆ ಬಾಳಿನಲ್ಲಿ ನಂಟು ಇರಲೇಬೇಕೆಂದು ನಾವೆಲ್ಲರೂ ನಂಬಿಕೊಂಡಿದ್ದೇವೆ. ರುಜು ಇದ್ದರೆ ಅದೇ ರುಜುವಾತು, ರುಜು ಹಾಕಿದವನು ಋಜುವಾದವನೇ ಎಂಬುದು ಲೋಕದ ಭಾವನೆ. ಈ ಭಾವನೆ ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ಒಂದು ಚಿತ್ರದ ನಿಮಿತ್ತವಾಗಿ ಆಲೋಚಿಸುವ ಪ್ರಸಂಗ ನಮಗೊಮ್ಮೆ ಒದಗಿತು. ಅದನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿದೆ.

ಕೆಲವು ವರ್ಷಗಳ ಹಿಂದೆ ಮಠದ ಹಳೆಯ ವಿದ್ಯಾರ್ಥಿಯೊಬ್ಬರು ಪಂಚೆಯಲ್ಲಿ ಸುತ್ತಿದ ದೊಡ್ಡದೊಂದು ಪಟವನ್ನು ಹೊತ್ತು ಬಂದರು. ಬಿಚ್ಚಿ ನೋಡಿದರೆ ತೈಲವರ್ಣದ ಚಿತ್ರ. ಹೂವಿನ ತಟ್ಟೆ ಹಿಡಿದು ಬಾಗಿಲ ಬಳಿ ನಿಂತ ಗೃಹಿಣಿ. ಬಣ್ಣ ಮಂಕಾಗಿತ್ತು, ಅಲ್ಲಲ್ಲಿ ಬಿರುಕು. ಕೆಳಗಿನ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ರವಿವರ್ಮನ ಹೆಸರು. ಪಟಣದಿಂದ ಬಂದ ಮಧ್ಯವರ್ತಿಯೊಬ್ಬನು ಅದಕ್ಕೆ ಲಕ್ಷಗಟ್ಟಲೆ ಬೆಲೆ ಬರುವುದೆಂದು ಹೇಳಿದ್ದನಂತೆ. ಆದರೆ ಒಂದು ಕಾಗದ ಬೇಕು: ಆ ಚಿತ್ರ ನೂರು ವರ್ಷಗಳಿಂದ ಆ ಮನೆಯಲ್ಲಿದೆ, ಅವರ ಅಜ್ಜನಿಗೆ ಅರಮನೆಯಿಂದ ಬಹುಮಾನವಾಗಿ ಬಂದದ್ದು, ಅದು ರವಿವರ್ಮನದೇ ಎಂದು ಮಠದಿಂದ ಬರೆದ ಕಾಗದ. ಆ ಭಕ್ತರಿಗೆ ಮಗಳನ್ನು ವೈದ್ಯಕೀಯ ಓದಿಸುವ ಹಂಬಲ. ಹಣದ ಅಗತ್ಯ ಸುಳ್ಳಾಗಿರಲಿಲ್ಲ.

“ಬುದ್ಧೀ, ತಾವು ನಾಲ್ಕು ಸಾಲು ಬರೆದು ರುಜು ಹಾಕಿದರೆ ಸಾಕು. ಅದು ಸುಳ್ಳೆಂದು ಯಾರಿಗೂ ಗೊತ್ತಿಲ್ಲವಲ್ಲ” ಎಂದರು.

“ನಿಜವೆಂದೂ ಯಾರಿಗೂ ಗೊತ್ತಿಲ್ಲವಲ್ಲಪ್ಪ” ಎಂದೆವು.

“ಗೊತ್ತಿಲ್ಲದ್ದನ್ನು ಹೌದು ಅಂದರೆ ಅದೂ ಸುಳ್ಳೇ ಬುದ್ಧಿ?”

ಪ್ರಶ್ನೆ ಸರಳವಾಗಿತ್ತು. ಉತ್ತರ ಆ ಕ್ಷಣಕ್ಕೆ ನಮ್ಮ ಬಾಯಿಗೆ ಬರಲಿಲ್ಲ. ಚಿತ್ರವನ್ನು ಒಂದು ವಾರ ಮಠದಲ್ಲಿಯೇ ಇರಿಸಿಕೊಂಡೆವು.

ಪ್ರಮಾಣಶಾಸ್ತ್ರವನ್ನು ಓದಿದವರಿಗೆ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು ಮಾತುಗಳು ಪರಿಚಿತ. ಕಣ್ಣಾರೆ ಕಂಡು ತಿಳಿಯುವುದು ಪ್ರತ್ಯಕ್ಷ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಗುರುತಿನಿಂದ ತಿಳಿಯುವುದು ಅನುಮಾನ. ನಂಬಿಕೆಗೆ ಅರ್ಹನಾದವನ ಮಾತಿನಿಂದ ತಿಳಿಯುವುದು ಶಬ್ದ. ಚಿತ್ರವೊಂದರ ಕರ್ತೃವನ್ನು ನಿರ್ಣಯಿಸುವ ಪಾಶ್ಚಾತ್ಯ ತಜ್ಞರು ಈ ಹೆಸರುಗಳನ್ನು ಬಳಸುವುದಿಲ್ಲವಾದರೂ ಅವರು ಆಶ್ರಯಿಸುವುದು ಈ ಮೂರನ್ನೇ. ನುರಿತ ಕಣ್ಣು ಕುಂಚದ ನಡಿಗೆಯನ್ನು ನೋಡಿ ಇದು ಇಂಥವನ ಕೈ ಎನ್ನುತ್ತದೆ. ಪ್ರಯೋಗಶಾಲೆ ಬಣ್ಣ, ಬಟ್ಟೆ, ಹಲಗೆಗಳಿಂದ ಕಾಲವನ್ನು ಊಹಿಸುತ್ತದೆ. ಹಳೆಯ ಪತ್ರಗಳು, ಕೈಬದಲಾದ ದಾಖಲೆಗಳು ಮತ್ತು ಮೂಲೆಯ ರುಜು, ಇವು ಶಬ್ದ.

ರುಜು ಶಬ್ದಪ್ರಮಾಣವೆಂಬುದನ್ನು ಗಮನಿಸಬೇಕು. ‘ಇದು ನಾನು ಮಾಡಿದ್ದು’ ಎಂದು ಅದು ನುಡಿಯುತ್ತದೆ. ನುಡಿದವರು ಯಾರು? ಕಲಾವಿದನೇ ನುಡಿದಿದ್ದರೆ ಆಪ್ತವಾಕ್ಯ. ಆತ ತೀರಿಕೊಂಡ ನೂರು ವರ್ಷಗಳ ಮೇಲೆ ವ್ಯಾಪಾರಿ ನುಡಿದಿದ್ದರೆ ಅನಾಪ್ತವಾಕ್ಯ. ಹೀಗೆ ಯಾವುದು ಇತರ ಸಂಗತಿಗಳಿಗೆ ಸಾಕ್ಷಿಯಾಗಬೇಕೋ ಅದಕ್ಕೇ ಬೇರೊಂದು ಸಾಕ್ಷಿ ಬೇಕಾಗುತ್ತದೆ. ವಚನಗಳ ಅಂಕಿತವನ್ನು ಬಲ್ಲ ನಮ್ಮ ಓದುಗರಿಗೆ ಇದು ಹೊಸದೇನಲ್ಲ. ತಾಳೆಗರಿಯ ಕೊನೆಯಲ್ಲಿ ಅಂಕಿತವಿದ್ದ ಮಾತ್ರಕ್ಕೆ ಸಂಪಾದಕರು ವಚನವನ್ನು ಒಪ್ಪಿಕೊಳ್ಳುವುದಿಲ್ಲ. ಹಲವು ಪ್ರತಿಗಳನ್ನು ಕೂಡಿಸಿ, ಭಾಷೆಯನ್ನೂ ಭಾವವನ್ನೂ ತೂಗಿ ನೋಡುತ್ತಾರೆ. ಇನ್ನೊಂದು ಅಂತರವೂ ಉಂಟು. ವಚನಕಾರರು ಕೊನೆಯಲ್ಲಿ ಇರಿಸಿದ್ದು ತಮ್ಮ ಹೆಸರನ್ನಲ್ಲ, ಆರಾಧ್ಯನ ಹೆಸರನ್ನು. ಚಿತ್ರಕಾರನ ರುಜುವಾದರೋ ತನ್ನ ದುಡಿಮೆಯನ್ನು ತನ್ನದೆಂದು ಹೇಳಿಕೊಳ್ಳುವ ನ್ಯಾಯವಾದ ಹಕ್ಕು.

ಶಬ್ದವು ಕೆಡುವುದಕ್ಕೆ ವಂಚಕನೇ ಬೇಕೆಂದಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯನ್ನು ನೋಡಿದವರು ಅಲ್ಲಿಯ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಮರೆಯಲಾರರು. ಕೈ ಅಡ್ಡವಿಟ್ಟು ಕಾಪಾಡಿದ ಸೊಡರಿನ ಬೆಳಕು ಬೆರಳುಗಳನ್ನು ಕೆಂಪಾಗಿಸಿ ಮುಖಕ್ಕೆ ಹಾಯುತ್ತದೆ. ಅದನ್ನು ರವಿವರ್ಮನ ಚಿತ್ರವೆಂದು ಎಷ್ಟು ಜನ ಮಕ್ಕಳಿಗೆ ತೋರಿಸಿಲ್ಲ! ರವಿವರ್ಮನು ತೀರಿಕೊಂಡದ್ದು 1906ರಲ್ಲಿ. ಆ ಚಿತ್ರವನ್ನು ಸಾವಂತವಾಡಿಯಲ್ಲಿ ಹುಟ್ಟಿದ ಎಸ್. ಎಲ್. ಹಳದಣಕರ ಎಂಬ ಕಲಾವಿದರು ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು 1945-46ರ ಸುಮಾರಿಗೆ ರಚಿಸಿದರು. ಅದು ತೈಲವರ್ಣವೂ ಅಲ್ಲ, ಜಲವರ್ಣ. ಇಲ್ಲಿ ಯಾರೂ ಯಾರನ್ನೂ ಮೋಸಗೊಳಿಸಲಿಲ್ಲ. ದೊಡ್ಡ ಹೆಸರು ತನ್ನ ಭಾರದಿಂದಲೇ ಚಿಕ್ಕ ಹೆಸರನ್ನು ಮುಚ್ಚಿತು, ಅಷ್ಟೆ.

ಹಾಗಾದರೆ ಪ್ರಯೋಗಶಾಲೆಯ ಅನುಮಾನವನ್ನು ನಂಬಬಹುದೇ? ಬಹುಮಟ್ಟಿಗೆ ನಂಬಬಹುದು, ಆದರೆ ಅದು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದನ್ನು ತಿಳಿದಿರಬೇಕು. ಪ್ರಷ್ಯನ್ ನೀಲಿ ಎಂಬ ಬಣ್ಣ ಹುಟ್ಟಿದ್ದು ಹದಿನೆಂಟನೆಯ ಶತಮಾನದ ಆರಂಭದಲ್ಲಿ. ಟೈಟೇನಿಯಂ ಬಿಳಿ ಕಲಾವಿದರ ಕೈಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. 1650ರದೆನ್ನುವ ಚಿತ್ರದ ಮೂಲಪದರದಲ್ಲಿ ಇವು ಕಂಡುಬಂದರೆ ಆ ಮಾತು ಬಿದ್ದುಹೋಗುತ್ತದೆ. ಕ್ಷಕಿರಣವು ಸೀಸದ ಬಿಳಿಯ ಜಾಡನ್ನು ಹಿಡಿದು ಮೇಲ್ಪದರದ ಕೆಳಗಿನ ಚಿತ್ರವನ್ನು ತೋರಿಸುತ್ತದೆ. ಅತಿನೇರಳೆ ಬೆಳಕಿನಲ್ಲಿ ಹಳೆಯ ವಾರ್ನಿಷು ಹಸುರಾಗಿ ಹೊಳೆಯುತ್ತದೆ. ಈಚೆಗೆ ಹಚ್ಚಿದ ಬಣ್ಣ ಅದರ ಮೇಲೆ ಕಪ್ಪು ಕಲೆಯಾಗಿ ಕಾಣುತ್ತದೆ. ರುಜುವಿನ ಪರೀಕ್ಷೆಯಂತೂ ಇನ್ನೂ ಸರಳ. ಚಿತ್ರವನ್ನು ಬರೆದಾಗಲೇ ರುಜು ಹಾಕಿದ್ದರೆ ಕಾಲಾಂತರದಲ್ಲಿ ಬಿಟ್ಟ ಬಿರುಕು ಅಕ್ಷರಗಳನ್ನೂ ಸೀಳಿಕೊಂಡು ಹೋಗಿರಬೇಕು. ಅಕ್ಷರದ ಬಣ್ಣವೇ ಬಿರುಕಿನೊಳಕ್ಕೆ ಇಳಿದಿದ್ದರೆ ಬಿರುಕು ಮೊದಲು, ರುಜು ಆಮೇಲೆ. ಇಷ್ಟಾದರೂ ಈ ಸಾಕ್ಷಿಗಳೆಲ್ಲ ಬಹುಮಟ್ಟಿಗೆ ನಿಷೇಧರೂಪದವು. ‘ಇದು ಆತನದಾಗಿರಲಾರದು’ ಎಂದು ಅವು ಖಂಡಿತವಾಗಿ ಹೇಳಬಲ್ಲವು. ‘ಇದು ಆತನದೇ’ ಎಂದು ಹೇಳಲಾರವು. ಒಂದೇ ಅಂಗಡಿಯ ಬಣ್ಣವನ್ನು ಗುರುವೂ ಕೊಂಡಿರುತ್ತಾನೆ, ಶಿಷ್ಯನೂ ಕೊಂಡಿರುತ್ತಾನೆ.

ಉಳಿದದ್ದು ನುರಿತ ಕಣ್ಣು. ಅದೂ ಮೋಸಹೋಗುತ್ತದೆಯೆಂಬುದಕ್ಕೆ ಹಾಲೆಂಡಿನಲ್ಲಿ ನಡೆದ ಕಥೆಯನ್ನು ತಿಳಿಯಬೇಕು. ಹದಿನೇಳನೆಯ ಶತಮಾನದ ವರ್ಮೀರ್ ಎಂಬ ಚಿತ್ರಕಾರನದೆಂದು ಒಪ್ಪಿದ ಚಿತ್ರಗಳು ಮೂವತ್ತೈದರ ಆಸುಪಾಸು. ಅವನ ಹೊಸ ಚಿತ್ರವೊಂದು ದೊರೆಯಲೆಂದು ಹಂಬಲಿಸಿದ ವಿದ್ವಾಂಸರು ಹಲವರು. 1937ರಲ್ಲಿ ಅಂಥದೊಂದು ದೊರೆಯಿತು: ಕ್ರಿಸ್ತನು ಎಮ್ಮಾವೂಸಿನಲ್ಲಿ ಶಿಷ್ಯರೊಡನೆ ಊಟಕ್ಕೆ ಕುಳಿತ ಚಿತ್ರ, ವರ್ಮೀರನ ರುಜುವಿನೊಡನೆ. ಅಬ್ರಹಾಂ ಬ್ರೆಡಿಯಸ್ ಎಂಬ ವಯೋವೃದ್ಧ ಪಂಡಿತರು ಅದನ್ನು ನೋಡಿ, ಇದು ವರ್ಮೀರನ ಶ್ರೇಷ್ಠ ಕೃತಿಯೇ ಸರಿ ಎಂದು ಬರೆದರು. ರಾಟರ್‌ಡ್ಯಾಮಿನ ಬಾಯ್ಮನ್ಸ್ ವಸ್ತುಸಂಗ್ರಹಾಲಯಕ್ಕಾಗಿ ಐದು ಲಕ್ಷ ಗಿಲ್ಡರಿಗೂ ಮೀರಿದ ಹಣಕ್ಕೆ ಅದನ್ನು ಕೊಂಡರು. ಜನ ಅದರ ಮುಂದೆ ಮೌನವಾಗಿ ನಿಂತರು.

ಯುದ್ಧ ಮುಗಿದ ಮೇಲೆ, 1945ರಲ್ಲಿ, ವರ್ಮೀರನದೆಂಬ ಇನ್ನೊಂದು ಚಿತ್ರ ಜರ್ಮನಿಯ ನಾಜಿ ನಾಯಕ ಗೋರಿಂಗನ ಸಂಗ್ರಹದಲ್ಲಿ ಪತ್ತೆಯಾಯಿತು. ರಾಷ್ಟ್ರದ ನಿಧಿಯನ್ನು ಶತ್ರುವಿಗೆ ಮಾರಿದನೆಂದು ಹಾನ್ ವಾನ್ ಮೇಗೆರೆನ್ ಎಂಬ ಚಿತ್ರಕಾರನನ್ನು ಬಂಧಿಸಿದರು. ಆಗ ಆತ ಬಾಯಿ ಬಿಟ್ಟನು: ಅದು ವರ್ಮೀರನದಲ್ಲ, ತಾನೇ ಬರೆದದ್ದು, ಎಮ್ಮಾವೂಸಿನ ಚಿತ್ರವೂ ತನ್ನದೇ! ಜನ ನಂಬಲಿಲ್ಲ. ಕಾವಲಿನಲ್ಲಿ ಕುಳಿತು ಅದೇ ಶೈಲಿಯಲ್ಲಿ ಇನ್ನೊಂದನ್ನು ಬರೆದು ತೋರಿಸಬೇಕಾಯಿತು. ಹಳೆಯ ಚಿತ್ರವೊಂದರ ಬಣ್ಣವನ್ನು ಕೆರೆದು ಆ ಕ್ಯಾನ್ವಾಸಿನ ಮೇಲೆ ಬರೆದಿದ್ದನು. ಬಣ್ಣಕ್ಕೆ ಬೇಕಲೈಟ್ ಜಾತಿಯ ರಾಳವನ್ನು ಬೆರೆಸಿ ಒಲೆಯಲ್ಲಿ ಕಾಯಿಸಿದ್ದನು. ಹಳೆಯ ತೈಲವರ್ಣ ಆಲ್ಕೊಹಾಲಿಗೆ ಕರಗದು, ಹೊಸದು ಕರಗುವುದು ಎಂಬುದು ಅಂದಿನ ಪರೀಕ್ಷೆ. ರಾಳದ ಬಲದಿಂದ ಹೊಸ ಬಣ್ಣವೂ ಕರಗಲಿಲ್ಲ. ಪರೀಕ್ಷೆಯನ್ನು ಬಲ್ಲವನೇ ಪರೀಕ್ಷಕನನ್ನು ವಂಚಿಸಬಲ್ಲನಷ್ಟೆ. 1947ರ ನವೆಂಬರಿನಲ್ಲಿ ಆತನಿಗೆ ಒಂದು ವರ್ಷದ ಸೆರೆವಾಸ ವಿಧಿಸಿದರು. ಅದನ್ನು ಅನುಭವಿಸುವ ಮೊದಲೇ ಆ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡನು.

ಬ್ರೆಡಿಯಸ್ ಪಂಡಿತರು ಮೋಸಹೋದದ್ದು ಕಣ್ಣಿನ ದೋಷದಿಂದಲ್ಲ. ವರ್ಮೀರನು ಇಟಲಿಯವರ ಪ್ರಭಾವದಲ್ಲಿ ಧಾರ್ಮಿಕ ಚಿತ್ರಗಳನ್ನು ಬರೆದಿರಬೇಕೆಂಬ ಊಹೆ ವಿದ್ವಾಂಸರಲ್ಲಿ ಮೊದಲೇ ಇತ್ತು. ವಂಚಕನು ಆ ಊಹೆಗೆ ರೂಪ ಕೊಟ್ಟನು. ನಮ್ಮ ದರ್ಶನಕಾರರು ಭ್ರಾಂತಿಗೆ ಎರಡು ಉದಾಹರಣೆ ಕೊಡುವುದುಂಟು: ಹಗ್ಗದಲ್ಲಿ ಹಾವು, ಚಿಪ್ಪಿನಲ್ಲಿ ಬೆಳ್ಳಿ. ಹಗ್ಗದಲ್ಲಿ ಹಾವನ್ನು ಕಾಣಿಸುವುದು ಭಯ. ಚಿಪ್ಪಿನಲ್ಲಿ ಬೆಳ್ಳಿಯನ್ನು ಕಾಣಿಸುವುದು ಆಸೆ. ಬೆಳ್ಳಿ ಬೇಡದವನಿಗೆ ಚಿಪ್ಪು ಚಿಪ್ಪಾಗಿಯೇ ಕಾಣುತ್ತದೆ. ಆದುದರಿಂದ ಚಿತ್ರವನ್ನು ಪರೀಕ್ಷಿಸುವವನು ಮೊದಲು ತನ್ನ ಆಸೆಯನ್ನು ಪರೀಕ್ಷಿಸಿಕೊಳ್ಳಬೇಕು. ಇದು ಆಗಬೇಕೆಂದು ನನಗೆಷ್ಟು ಬಯಕೆಯಿದೆ? ಎಷ್ಟು ಬಯಕೆಯೋ ಅಷ್ಟು ಎಚ್ಚರ.

ಆದರೂ ಆ ಪಂಡಿತರನ್ನು ನಗಬೇಡಿ. ರೆಂಬ್ರಾಂಟನದೆಂದು ಅವರು 1898ರಲ್ಲಿ ಕೊಂಡ ‘ಸೌಲ ಮತ್ತು ದಾವೀದ’ ಎಂಬ ಚಿತ್ರವೊಂದಿದೆ. 1969ರಲ್ಲಿ ಹಿರಿಯ ವಿದ್ವಾಂಸರೊಬ್ಬರು ಅದು ರೆಂಬ್ರಾಂಟನದಲ್ಲವೆಂದು ತಳ್ಳಿಹಾಕಿದರು. ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದವರು ಎಂಟು ವರ್ಷ ಪರಿಶೋಧಿಸಿ, ಹಿಂದೆ ಯಾರೋ ಕತ್ತರಿಸಿ ಮತ್ತೆ ಜೋಡಿಸಿದ ತುಂಡುಗಳನ್ನೆಲ್ಲ ಗುರುತಿಸಿ, 2015ರಲ್ಲಿ ಅದು ರೆಂಬ್ರಾಂಟನದೇ ಎಂದು ಸಾರಿದರು. ಒಂದೆಡೆ ಎಡವಿದ ಕಣ್ಣು ಇನ್ನೊಂದೆಡೆ ಸರಿಯಾಗಿಯೇ ಕಂಡಿತ್ತು. ಒಮ್ಮೆ ತಪ್ಪಿದವನ ಮಾತೆಲ್ಲವೂ ತಪ್ಪೆನ್ನುವುದೂ ಒಂದು ಹೇತ್ವಾಭಾಸವೇ.

ಇಲ್ಲಿ ಕೆಲವರು ಕೇಳಬಹುದು: ಚಿತ್ರ ಚೆಲುವಾಗಿದ್ದರೆ ಸಾಲದೇ? ಬರೆದವರು ಯಾರಾದರೇನು? ಹೆಸರಿನ ಹಂಗು ಬಿಟ್ಟವರ ಮಾತಿನಂತೆ ಇದು ಕೇಳಿಸುತ್ತದೆ. ಆದರೆ ಇನ್ನೊಂದು ಪ್ರಸಂಗವನ್ನು ನೋಡಿದರೆ ಈ ಉದಾರತೆಯ ಹಿಂದಿರುವ ಅನ್ಯಾಯ ತಿಳಿಯುತ್ತದೆ. ಹಾಲೆಂಡಿನ ಹಾರ್ಲೆಮ್ ನಗರದಲ್ಲಿ 1609ರಲ್ಲಿ ಹುಟ್ಟಿದ ಯೂಡಿತ್ ಲೈಸ್ಟರ್ ಎಂಬಾಕೆ ತನ್ನ ಕಾಲದಲ್ಲಿಯೇ ಚಿತ್ರಕಾರರ ಸಂಘದಲ್ಲಿ ಸದಸ್ಯತ್ವ ಪಡೆದಿದ್ದಳು. ಆಕೆಯ ರುಜು ಎರಡು ಅಕ್ಷರ ಮತ್ತು ಒಂದು ನಕ್ಷತ್ರ. ಹೆಸರಿನಲ್ಲಿ ದಾರಿತೋರುವ ತಾರೆಯೆಂಬ ಅರ್ಥವಿತ್ತು. ಆಕೆ ತೀರಿಕೊಂಡ ಮೇಲೆ ಆಕೆಯ ಚಿತ್ರಗಳು ಅದೇ ಊರಿನ ಪ್ರಸಿದ್ಧ ಕಲಾವಿದ ಫ್ರಾನ್ಸ್ ಹಾಲ್ಸನ ಹೆಸರಿನಲ್ಲಿ ಮಾರಾಟವಾದವು. 1893ರ ಹೊತ್ತಿಗೆ ಅಂಥ ಒಂದು ಚಿತ್ರದ ಬಗ್ಗೆ ಲಂಡನ್ನಿನಲ್ಲಿ ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು. ಹಾಲ್ಸನದೆಂಬ ರುಜುವಿದ್ದಲ್ಲಿ ನಕ್ಷತ್ರದ ಗುರುತು ಪತ್ತೆಯಾಗಿತ್ತು. ಹೊಫ್‌ಸ್ಟೆಡೆ ಡಿ ಗ್ರೂಟ್ ಎಂಬ ವಿದ್ವಾಂಸರು ಆ ಗುರುತನ್ನು ಹಿಡಿದು ಆಕೆಯ ಇತರ ಚಿತ್ರಗಳನ್ನೂ ಗುರುತಿಸಿಕೊಟ್ಟರು. ವ್ಯಾಪಾರಿಗಳ ಜಗಳವಾದರೋ ಬೆಲೆಯ ಜಗಳ. ಮರೆತುಹೋದ ಸಮರ್ಥ ಕಲಾವಿದೆಯೊಬ್ಬಳು ದೊರೆತಳೆಂಬ ಸಂತೋಷಕ್ಕೆ ಅಲ್ಲಿ ಎಡೆಯಿರಲಿಲ್ಲ. ಆ ಚಿತ್ರ ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ, ಆಕೆಯ ಹೆಸರಿನಲ್ಲಿಯೇ.

ಕಳ್ಳರುಜುವಿನಿಂದ ಮೋಸಹೋಗುವವನು ಕೊಳ್ಳುವ ಧನಿಕನೊಬ್ಬನೇ ಅಲ್ಲ. ಆ ಚಿತ್ರಕ್ಕಾಗಿ ಬೆವರು ಸುರಿಸಿದವರೂ ಮೋಸಹೋಗುತ್ತಾರೆ. ಕೊಂಡವನ ನಷ್ಟವನ್ನು ಹಣ ತುಂಬಬಹುದು. ಎರಡು ಶತಮಾನಕ್ಕೂ ಮಿಗಿಲಾಗಿ ಹೆಸರಿಲ್ಲದೆ ಹೋದವಳ ನಷ್ಟವನ್ನು ತುಂಬುವವರಾರು? ಕಾಯಕದ ಫಲ ಕಾಯಕ ಮಾಡಿದವರಿಗೆ ಸಲ್ಲಬೇಕೆಂಬ ಮಾತನ್ನು ನಂಬಿದ ನಾವು ‘ಬರೆದವರು ಯಾರಾದರೇನು’ ಎನ್ನಲಾಗದು.

ಗುರುವಿನ ಕಾರ್ಯಶಾಲೆಯಲ್ಲಿ ಶಿಷ್ಯರು ಬರೆದು ಗುರುವಿನ ಹೆಸರಿನಲ್ಲಿ ಹೊರಬಂದ ಚಿತ್ರಗಳ ಸಂಗತಿ ಬೇರೆ. ಅದು ಅಂದಿನ ಒಪ್ಪಿತವಾದ ಪದ್ಧತಿ. ರವಿವರ್ಮನ ಕೆಲಸದಲ್ಲಿಯೂ ತಮ್ಮ ರಾಜರಾಜವರ್ಮನ ಕೈ ಎಷ್ಟೋ ಬೆರೆತಿದೆ. ಇಂಥ ಸಂಕೀರ್ಣತೆಯನ್ನು ಬಲ್ಲ ಹರಾಜು ಸಂಸ್ಥೆಗಳವರು ತಮ್ಮ ಪಟ್ಟಿಗಳಲ್ಲಿ ನಂಬಿಕೆಯ ಮೆಟ್ಟಿಲುಗಳನ್ನು ಕಟ್ಟಿಕೊಂಡಿದ್ದಾರೆ: ಇಂಥವರ ಕೃತಿ, ಇಂಥವರದೆಂದು ತೋರುವ ಕೃತಿ, ಇಂಥವರ ಕಾರ್ಯಶಾಲೆಯದು, ಬಳಗದ್ದು, ಅನುಯಾಯಿಯದು, ಇಂಥವರ ಕೃತಿಯ ಪ್ರತಿ. ‘ರುಜು ಹಾಕಿದ್ದಾರೆ’ ಎಂಬುದಕ್ಕೂ ‘ರುಜು ಇದೆ’ ಎಂಬುದಕ್ಕೂ ಅಲ್ಲಿ ವ್ಯತ್ಯಾಸವುಂಟು. ಮೊದಲನೆಯದು ಕಲಾವಿದನೇ ಹಾಕಿದನೆಂಬ ಅಭಿಪ್ರಾಯ; ಎರಡನೆಯದು ಬೇರೆಯವರ ಕೈ ಎಂಬ ಸೂಚನೆ. ವ್ಯಾಪಾರಕ್ಕಾಗಿ ಹುಟ್ಟಿದ ಈ ಭಾಷೆಯಲ್ಲಿ ನಮಗೊಂದು ಸದಾಚಾರದ ಪಾಠವಿದೆ. ಅರಿವು ಎಷ್ಟಿದೆಯೋ ಮಾತು ಅಷ್ಟಕ್ಕೇ ನಿಲ್ಲಬೇಕು.

ಆ ಭಕ್ತರ ಪ್ರಶ್ನೆಗೆ ನಮಗೆ ದೊರೆತ ಉತ್ತರವೂ ಇದೇ. ರುಜು ಹಾಕುವವನು ಎರಡು ಸಂಗತಿಗಳಿಗೆ ಸಾಕ್ಷಿಯಾಗುತ್ತಾನೆ: ‘ಇದು ಹೀಗಿದೆ’ ಎಂಬುದಕ್ಕೆ ಮತ್ತು ‘ಇದನ್ನು ನಾನು ಬಲ್ಲೆ’ ಎಂಬುದಕ್ಕೆ. ತಿಳಿಯದುದನ್ನು ಹೌದೆಂದಾಗ ಮೊದಲನೆಯದು ಅದೃಷ್ಟವಶಾತ್ ನಿಜವಾದರೂ ಆಗಬಹುದು, ಎರಡನೆಯದು ಸುಳ್ಳೇ. ಲೋಕದ ಬಗ್ಗೆ ಸುಳ್ಳಾಡದಿದ್ದರೂ ತನ್ನ ಬಗ್ಗೆ ಸುಳ್ಳಾಡಿದಂತಾಯಿತು. ಚಿತ್ರದ ಮೂಲೆಯಲ್ಲಿ ಯಾರೋ ಬರೆದ ಹೆಸರಿಗೂ ಅದರ ಕೆಳಗೆ ನಾವು ಹಾಕಬೇಕೆಂದು ಅವರು ಬಯಸಿದ ರುಜುವಿಗೂ ಆಗ ಭೇದವೇನು ಉಳಿಯಿತು?

ಚಿತ್ರಕಲೆಯ ಅಧ್ಯಾಪಕರಾದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕರೆಸಿದೆವು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಅಕ್ಷರಗಳ ಬಣ್ಣ ಬಿರುಕುಗಳೊಳಕ್ಕೆ ಇಳಿದಿತ್ತು. ಚಿತ್ರ ಹಳೆಯದು, ಕೈ ಪಳಗಿದ ಕೈ, ಹೆಸರು ಮಾತ್ರ ಆಮೇಲಿನದು ಎಂದರು. ಬರೆದವರು ಯಾರೆಂದು ಕೇಳಿದ್ದಕ್ಕೆ, “ಅದನ್ನು ಈ ಗಾಜು ಹೇಳುವುದಿಲ್ಲ ಬುದ್ಧಿ” ಎಂದು ಕೈಮುಗಿದರು. ನಾವು ಕಾಗದ ಬರೆದದ್ದು ನಿಜ. ಪಾದಪೂಜೆಗೆ ಆ ಮನೆಗೆ ಹೋದಾಗಲೆಲ್ಲ ಇಪ್ಪತ್ತು ವರ್ಷಗಳಿಂದ ಈ ಚಿತ್ರವನ್ನು ನಡುಮನೆಯಲ್ಲಿ ಕಂಡಿದ್ದೇವೆ. ಮೂಲೆಯ ಅಕ್ಷರಗಳು ಈಚಿನವೆಂದು ಬಲ್ಲವರು ಹೇಳಿದ್ದಾರೆ. ಬರೆದವರು ಯಾರೆಂದು ನಾವು ಅರಿಯೆವು. ಇಷ್ಟೇ. ಮಧ್ಯವರ್ತಿ ಆ ಕಾಗದವನ್ನು ಓದಿ ಮಡಿಚಿಕೊಟ್ಟು ಹೋದವನು ತಿರುಗಿ ಬರಲಿಲ್ಲ.

ಆ ಭಕ್ತರೂ ಎರಡು ವರ್ಷ ಮಠದ ಕಡೆಗೆ ಬರಲಿಲ್ಲ. ಅದು ನಮಗೆ ನೋವಿನ ಸಂಗತಿಯೇ ಆಗಿತ್ತು. ಸತ್ಯವನ್ನು ನುಡಿದೆವೆಂಬ ಸಮಾಧಾನ ಆ ನೋವನ್ನು ಪೂರ್ತಿಯಾಗಿ ಕಳೆಯಲಿಲ್ಲವೆಂದು ಒಪ್ಪಿಕೊಳ್ಳಬೇಕು. ಬ್ಯಾಂಕಿನ ಸಾಲದಲ್ಲಿ ಮಗಳ ಓದು ನಡೆಯಿತೆಂದು ಬೇರೆಯವರಿಂದ ಕೇಳಿ ತಿಳಿದೆವು. ಮೂರನೆಯ ವರ್ಷ ಅವರೇ ಬಂದು ಮನೆಗೆ ಬಿನ್ನಹ ಮಾಡಿಸಿಕೊಂಡರು. ಚಿತ್ರ ಮೊದಲಿನ ಗೋಡೆಯ ಮೇಲೆಯೇ ಇತ್ತು. ಅಲ್ಲಿ ನಿಂತು ನೋಡುವಾಗ ಆ ಗೃಹಿಣಿಯ ಒಂದು ಕಾಲು ಹೊಸ್ತಿಲ ಆಚೆಗಿರುವುದನ್ನು ಮೊದಲ ಸಲ ಗಮನಿಸಿದೆವು. ಇಪ್ಪತ್ತು ವರ್ಷ ಕಂಡಿದ್ದರೂ, ಒಂದು ವಾರ ಮಠದಲ್ಲಿ ಇರಿಸಿಕೊಂಡಿದ್ದರೂ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಆ ವಾರವೆಲ್ಲ ನಾವೂ ಮೂಲೆಯನ್ನೇ ನೋಡಿದ್ದೆವು.

ಈ ಪತ್ರಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಮುಖ್ಯೋಪಾಧ್ಯಾಯರಿದ್ದಾರೆ, ವೈದ್ಯರಿದ್ದಾರೆ, ಇಂಜಿನಿಯರುಗಳಿದ್ದಾರೆ, ಕಚೇರಿಗಳ ಅಧಿಕಾರಿಗಳಿದ್ದಾರೆ. ದಿನಕ್ಕೆ ಹತ್ತಾರು ಕಡೆ ರುಜು ಹಾಕುವವರು ನೀವು. ಗುಣನಡತೆಯ ಪತ್ರ, ಕಾಮಗಾರಿಯ ಅಳತೆ, ಕಾಯಿಲೆಯ ಪ್ರಮಾಣಪತ್ರ, ಬಂಧುವೊಬ್ಬನ ಶಿಫಾರಸು, ಪ್ರತಿಯೊಂದೂ ನಿಮ್ಮ ಮುಂದೆ ಇಟ್ಟ ಒಂದು ಪಟವೇ. ತಂದವರ ಕಷ್ಟ ನಿಜವಾಗಿರುತ್ತದೆ. ಸುಳ್ಳೆಂದು ಯಾರಿಗೂ ಗೊತ್ತಿರುವುದಿಲ್ಲ. ಆಗ ಲೇಖನಿಯನ್ನು ಎತ್ತುವ ಮೊದಲು ಒಂದು ಕ್ಷಣ ತಡೆದು, ನಾನು ಬಲ್ಲೆನೇ ಎಂದು ಕೇಳಿಕೊಳ್ಳಿ. ಬಲ್ಲಷ್ಟನ್ನು ಬರೆಯಿರಿ, ಅರಿಯದಿದ್ದರೆ ಅರಿಯೆನೆಂದು ಬರೆದು ಅದರ ಕೆಳಗೆ ರುಜು ಹಾಕಿರಿ.